ವೇಳಾಸಿನಲ್ಲಿ ಹಿಗ್ಗು, ಟೊಂಕದ ಬಗ್ಗೆ ಮೌನ

ಮಾರ್ಚ್ ಬಂತೆಂದರೆ ಪುಣೆಯ ಕನ್ನಡಿಗರಾದ ನಾವು ತಂಡ ಕಟ್ಟಿಕೊಂಡು ರತ್ನಾಗಿರಿ ಜಿಲ್ಲೆಯ ವೇಳಾಸಿಗೆ ಹೋಗುತ್ತೇವೆ. ನಾನಾ ಫಡ್ನವೀಸರ ಪೂರ್ವಿಕರ ಊರದು. ಈಗ ಹೆಸರಾಗಿರುವುದು ಆಲಿವ್ ರಿಡ್ಲೆ ಕಡಲಾಮೆಯಿಂದ. ಬುಟ್ಟಿ ಸರಿಸಿದೊಡನೆ ಅಂಗೈಗಿಂತ ಚಿಕ್ಕ ಮರಿಗಳು ನೀರಿನತ್ತ ತೆವಳುತ್ತವೆ. ನಾವು ಹಗ್ಗದಾಚೆ ನಿಂತು, ಮಕ್ಕಳನ್ನು ಹೆಗಲೇರಿಸಿಕೊಂಡು ಹಿಗ್ಗುತ್ತೇವೆ. ಮರಳಿ ಬಂದು ಪ್ರಬಂಧವನ್ನೂ ಬರೆಯುತ್ತೇವೆ. ಹಿಗ್ಗಿನಲ್ಲಿ ತಪ್ಪಿಲ್ಲ. ಆದರೆ ಇದೇ ಆಮೆ ಹೊನ್ನಾವರದ ಕಾಸರಕೋಡು ಟೊಂಕದಲ್ಲಿಯೂ ಮೊಟ್ಟೆಯಿಡುತ್ತದೆ. ಅಲ್ಲಿ, ಶರಾವತಿಯ ಅಳಿವೆಯಲ್ಲಿ, ಖಾಸಗಿ ಬಂದರಿನ ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನಮ್ಮ ಕೂಟದಲ್ಲಿ ಆ ಬಗ್ಗೆ ಒಂದು ಸಂಜೆಯೂ ಮಾತಾಗಿಲ್ಲ.

ಮಾತೆತ್ತಿದರೆ ಸಿದ್ಧ ಉತ್ತರ: ‘ಒಡಿಶಾದಂತೆ ಲಕ್ಷಗಟ್ಟಲೆ ಬರುವುದಿಲ್ಲವಲ್ಲ, ಮೊಟ್ಟೆಗಳನ್ನು ಬೇರೆಡೆಗೆ ಒಯ್ದರಾಯಿತು.’ ಇದು ಆಮೆಯನ್ನು ಅರಿಯದವರ ಮಾತು. ಹೆಣ್ಣಾಮೆ ನೂರರಷ್ಟು ಮೊಟ್ಟೆಗಳನ್ನು ಹುಗಿದು ಕಡಲಿಗೆ ಹೋದಮೇಲೆ ಸುಮಾರು ಐವತ್ತು ದಿನ ಅವುಗಳನ್ನು ಸಾಕುವುದು ಮರಳು. ಮರಿ ಹೆಣ್ಣೋ ಗಂಡೋ ಎಂಬುದನ್ನೂ ಆ ಮರಳಿನ ಕಾವೇ ನಿರ್ಧರಿಸುತ್ತದೆ: ಕಾವು ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಹೊರಬಂದ ಮರಿ ಬೆಳಕಿರುವತ್ತ ತೆವಳುತ್ತದೆ. ಕತ್ತಲ ದಂಡೆಯಲ್ಲಿ ಆ ಬೆಳಕು ಕಡಲಿನದು. ಬಂದರಿನ ದಂಡೆಯಲ್ಲಿ ದೀಪಸ್ತಂಭಗಳದ್ದು. ಬದುಕುಳಿದ ಹೆಣ್ಣು ಎಷ್ಟೋ ವರ್ಷಗಳ ಬಳಿಕ ತಾನು ಹುಟ್ಟಿದ ಸೀಮೆಗೇ ಮರಳಿ ಬರುತ್ತದೆ. ಅಷ್ಟರಲ್ಲಿ ಅಲೆತಡೆ ಗೋಡೆ ಕಟ್ಟಿ ದಂಡೆಯೇ ಕೊರೆದುಹೋಗಿದ್ದರೆ ಅದು ಎಲ್ಲಿ ಗುಂಡಿ ತೋಡಬೇಕು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿಯೇ, ಈ ಆಮೆಯಿದೆ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆಯೂ ಬಂತು. ಬಾವುಟ ಪ್ರವಾಸಿಗರಿಗೆ, ಬಂದರು ಬಂಡವಾಳಿಗರಿಗೆ! ವೇಳಾಸಿನಲ್ಲಿ ‘ಸಹ್ಯಾದ್ರಿ ನಿಸರ್ಗ ಮಿತ್ರ’ 2002ರಲ್ಲಿ ಕೆಲಸ ಆರಂಭಿಸಿ ಊರವರನ್ನು ಜೊತೆಗೂಡಿಸಿಕೊಂಡಿತು. ಇಂದು ಅತಿಥಿಗಳಿಗೆ ಊಟ-ವಸತಿ ಕೊಟ್ಟು ಅಲ್ಲಿಯ ಮನೆಗಳು ನಾಲ್ಕು ಕಾಸು ಕಾಣುತ್ತಿವೆ. ಟೊಂಕದಲ್ಲಿ ದಂಡೆಗಾಗಿ ನಿಂತವರಿಗೆ ಸಿಕ್ಕಿದ್ದು ಪೊಲೀಸ್ ಮೊಕದ್ದಮೆ.

ಹೊರನಾಡಿನವರಿಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ರಾಜ್ಯೋತ್ಸವದಂದು ಕರಾವಳಿಯನ್ನು ಹಾಡಿ ಹೊಗಳುವಾಗ ಇವರಾರೂ ನಮ್ಮನ್ನು ಹೊರನಾಡಿನವರೆಂದು ತಡೆದದ್ದಿಲ್ಲ.

ಬರುವ ವರ್ಷದ ಪ್ರವಾಸದ ಪಟ್ಟಿಯಲ್ಲಿ ಮತ್ತೆ ವೇಳಾಸೇ ಇದೆ. ಅದನ್ನು ಹೊಡೆದುಹಾಕಿ ಹೊನ್ನಾವರವೆಂದು ಬರೆಯಬೇಕೆಂದು ಕಾರ್ಯಕಾರಿ ಸಮಿತಿಯನ್ನು ಒತ್ತಾಯಿಸುತ್ತೇವೆ. ಟೊಂಕದ ಹೆಂಗಸರು ಒಣಮೀನು ಹರವುವ ಜಾಗದಲ್ಲಿಯೇ ನಮ್ಮ ಸಭೆ ಸೇರಲಿ. ಅವರು ಮಾತಾಡಲಿ, ನಾವು ಕೇಳಿ ಬರೆದುಕೊಳ್ಳೋಣ.