ಜೂಜಿನ ಅಂಗಳಕ್ಕೆ ಬೇಲಿ ಎಲ್ಲಿದೆ?

ತುಮಕೂರು ಜಿಲ್ಲೆಯ ಹೆಬ್ಬೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಅರಳಿಕಟ್ಟೆಯಲ್ಲೋ ತೆಂಗಿನ ತೋಟದಲ್ಲೋ ಇಸ್ಪೀಟು ಹಾಕಿಕೊಂಡು ಕೂರುವುದು ಹಳೆಯ ರೂಢಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಣ್ಣಿನಲ್ಲಿ ಸಾರ್ವಜನಿಕ ಜಾಗದ ಅಂದರ್-ಬಾಹರ್ ಅಪರಾಧವೇ. ಅದನ್ನು ಸಮರ್ಥಿಸಲು ನಾನು ಹೊರಟಿಲ್ಲ. ಆದರೆ ಆ ಆಟದ ಸುತ್ತ ಬೇಲಿಯೊಂದಿತ್ತು. ಕತ್ತಲಾದರೆ ಎಲೆ ಕಾಣದು. ಹಬ್ಬ ಮುಗಿದರೆ ಹೊಲದ ಕೆಲಸ ಕರೆಯುತ್ತದೆ. ಜೇಬು ಬರಿದಾದವನು ಎದ್ದು ಹೋಗಲೇಬೇಕು, ಎಷ್ಟು ಸೋತನೆಂಬುದು ಸಂಜೆಯೊಳಗೆ ಮನೆಯವರ ಕಿವಿಗೂ ಬೀಳುತ್ತದೆ. ಮೊಬೈಲ್ ಈ ಬೇಲಿಯನ್ನು ಪೂರ್ತಿ ಕಿತ್ತುಹಾಕಿದೆ. ಮನುಷ್ಯ ಎಷ್ಟು ಆಡುತ್ತಾನೆ, ಎಲ್ಲಿ ನಿಲ್ಲಿಸುತ್ತಾನೆ ಎಂಬುದನ್ನು ಅವನ ಸಂಯಮಕ್ಕಿಂತ ಹೆಚ್ಚಾಗಿ ಆಡುವ ಜಾಗದ ರಚನೆಯೇ ನಿರ್ಧರಿಸುತ್ತದೆ. ನಮ್ಮ ಕಾನೂನಿನ ಚರ್ಚೆ ದಶಕಗಳಿಂದ ತಪ್ಪಿಸಿಕೊಂಡು ಬಂದಿರುವುದು ಈ ಮಾತನ್ನೇ.

ನ್ಯಾಯಾಲಯಗಳು ಕೇಳುತ್ತ ಬಂದ ಪ್ರಶ್ನೆ ಒಂದೇ: ಇದು ಕೌಶಲವೋ, ಅದೃಷ್ಟವೋ? 1967ರಲ್ಲಿ ರಮ್ಮಿ, 1996ರಲ್ಲಿ ಕುದುರೆ ರೇಸು ಸುಪ್ರೀಂ ಕೋರ್ಟಿನಲ್ಲಿ ಕೌಶಲದ ಕಡೆ ನಿಂತವು. ಅದೇ ತರ್ಕದ ಬಲದಿಂದ, ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಜೂಜು ನಿಷೇಧದ ಮುಖ್ಯ ಕಲಮುಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಆದರೆ 1967ರ ರಮ್ಮಿಗೆ ನಾಲ್ಕು ಜನ ಒಂದೆಡೆ ಸೇರಬೇಕಿತ್ತು, ಎಲೆ ಕಲೆಸಿ ಹಂಚಬೇಕಿತ್ತು. ಮೊಬೈಲಿನ ರಮ್ಮಿಯಲ್ಲಿ ನಡುರಾತ್ರಿಯೂ ಎದುರಾಳಿ ಸಿದ್ಧ. ಸೋತ ಮರುಗಳಿಗೆಗೆ ಮುಂದಿನ ಆಟದ ಗುಂಡಿ ಹೊಳೆಯುತ್ತದೆ. ಕೌಶಲವಿದ್ದವನೂ ಈ ವೇಗಕ್ಕೆ ಸಿಕ್ಕಿ ಬೀಳುತ್ತಾನೆ.

ಇದು ಆಕಸ್ಮಿಕವಲ್ಲ, ಒಂದು ಕಸುಬು. ಅಮೆರಿಕದ ಕ್ಯಾಸಿನೊ ವಿನ್ಯಾಸಗಾರ ಬಿಲ್ ಫ್ರೀಡ್‌ಮನ್ ತಗ್ಗು ಚಾವಣಿ, ಸುತ್ತಿ ಬಳಸುವ ಇಕ್ಕಟ್ಟಾದ ಓಣಿಗಳನ್ನು ಶಿಫಾರಸು ಮಾಡಿದ್ದು ಒಳಹೊಕ್ಕವನ ಕಣ್ಣು ಯಂತ್ರಗಳನ್ನು ಬಿಟ್ಟು ಬೇರೆಡೆ ಹೋಗದಿರಲೆಂದು. ಯಾವಾಗ ಬಹುಮಾನ ಸಿಗುತ್ತದೆಂದು ತಿಳಿಯದಿದ್ದಾಗ ಜೀವಿ ಪ್ರಯತ್ನವನ್ನು ಸುಲಭವಾಗಿ ಬಿಡುವುದಿಲ್ಲವೆಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ‘ಇನ್ನೇನು ಗೆದ್ದೇಬಿಟ್ಟೆ’ ಎನಿಸುವ ಸೋಲು ಮಿದುಳಿನಲ್ಲಿ ಗೆಲುವಿನ ಭಾಗಗಳನ್ನೇ ಕೆಣಕುತ್ತದೆ ಎಂದು 2009ರಲ್ಲಿ ಸಂಶೋಧಕ ಲ್ಯೂಕ್ ಕ್ಲಾರ್ಕ್ ಅವರ ತಂಡ ಕಂಡುಕೊಂಡಿತು. ಈ ತಿಳಿವಳಿಕೆಯೆಲ್ಲ ಈಗ ಅಂಗೈಯಲ್ಲಿದೆ. ಹಾಕಿದ್ದು ರೂಪಾಯಿ, ಕಾಣುವುದು ನಾಣ್ಯ ಅಥವಾ ಪಾಯಿಂಟು. ನಮ್ಮ ಭಾಗದಲ್ಲಿ ಇದರ ಪೆಟ್ಟು ಇನ್ನೂ ಜೋರು. ಅಡಿಕೆ, ಕೊಬ್ಬರಿಯ ಹಣ ದಿನಗೂಲಿಯಂತೆ ಹನಿಹನಿಯಾಗಿ ಬರುವುದಿಲ್ಲ. ಸುಗ್ಗಿಯಲ್ಲಿ ಇಡಿಗಂಟಾಗಿ ಖಾತೆಗೆ ಬೀಳುತ್ತದೆ. ಹಣ ಬಂತೆಂಬ ಸಂದೇಶ ಬರುವುದೂ, ಯುಪಿಐ ಇರುವುದೂ, ಆಟ ಕರೆಯುವುದೂ, ಸೋತಾಗ ಸಾಲ ಕೊಡುವ ಆ್ಯಪ್ ಇರುವುದೂ ಒಂದೇ ಪರದೆಯಲ್ಲಿ. ಮೊದಲು ಒಡವೆ ಅಡವಿಡಲು ಪೇಟೆಗೆ ಹೋಗಬೇಕಿತ್ತು. ಆ ದಾರಿಯಲ್ಲಿ ಮನಸ್ಸು ಬದಲಾಯಿಸಲು ಸಮಯವಿತ್ತು.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣವಿಟ್ಟು ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸಿದೆ. ಆಡುವವನನ್ನು ಬಿಟ್ಟು ಆಡಿಸುವವನನ್ನು ಶಿಕ್ಷಿಸುವ ಅದರ ನಿಲುವು ಸರಿಯಾಗಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಕರ್ನಾಟಕ ಹೈಕೋರ್ಟಿನಿಂದಲೂ ಸುಪ್ರೀಂ ಕೋರ್ಟಿಗೆ ಹೋಗಿವೆ. ವಯಸ್ಕನ ಹಣ, ವಯಸ್ಕನ ಇಷ್ಟ ಎನ್ನುವವರ ವಾದ ಹಗುರವಾದುದಲ್ಲ. ಆದರೆ ಇಷ್ಟವನ್ನೇ ತಿದ್ದಲು ಒಂದು ಉದ್ಯಮ ಕೋಟಿಗಟ್ಟಲೆ ಸುರಿಯುವಾಗ, ಅದನ್ನು ತಡೆಯುವುದು ಸ್ವಾತಂತ್ರ್ಯದ ಪರವಾದ ಕೆಲಸವೇ. ನಿಷೇಧಿಸಿದರೆ ಆಟ ಕಳ್ಳದಾರಿ ಹಿಡಿಯುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲೂ ಸತ್ಯವಿದೆ. ವಿದೇಶಿ ಸೈಟುಗಳು ಹೆಸರು ಬದಲಿಸಿಕೊಂಡು ಬರುತ್ತಲೇ ಇರುತ್ತವೆ. ಆದರೆ ನಾರ್ವೆ 2007ರಲ್ಲಿ ಸ್ಲಾಟ್ ಯಂತ್ರಗಳನ್ನೆಲ್ಲ ತೆಗೆದಾಗ ಆಡುತ್ತಿದ್ದವರೆಲ್ಲ ಬೇರೆ ಜೂಜಿಗೆ ಹಾರಲಿಲ್ಲ; ಸಹಾಯವಾಣಿಗೆ ಬರುವ ಕರೆಗಳೂ ಇಳಿದವು. ಆಮೇಲೆ ಹೊಸ ಯಂತ್ರಗಳು ಬಂದಾಗ ಕಾರ್ಡ್ ಕಡ್ಡಾಯವಾಯಿತು, ಸೋಲಿಗೆ ಮಿತಿ ಬಂತು. ಬ್ರಿಟನ್ 2021ರಿಂದ ಆನ್‌ಲೈನ್ ಸ್ಲಾಟ್‌ನ ಒಂದೊಂದು ಸುತ್ತಿಗೂ ಕನಿಷ್ಠ 2.5 ಸೆಕೆಂಡು ನಿಗದಿ ಮಾಡಿ, ತಾನಾಗಿ ಸುತ್ತುವ ಸೌಲಭ್ಯವನ್ನು ತೆಗೆಸಿತು. ದಾರಿ ತುಸು ಕಷ್ಟವಾದರೆ ಬಹಳ ಜನ ಹಿಂದಿರುಗುತ್ತಾರೆ. ಹಾಗಾಗಿ ನಿಷೇಧ ನ್ಯಾಯಾಲಯದಲ್ಲಿ ಉಳಿಯಲಿ, ಬೀಳಲಿ, ವೇಗ, ಠೇವಣಿಯ ಮಿತಿ, ರಾತ್ರಿಯ ಬಿಡುವು, ಜಾಹೀರಾತು ಇವುಗಳ ಬಗ್ಗೆ ನಿಯಮ ಬೇಕೇ ಬೇಕು.

ಇದೇ ಅಳತೆ ನಮ್ಮ ಪಕ್ಕದ ಕುಣಿಗಲ್‌ಗೂ ಅನ್ವಯಿಸಬೇಕು. ಟಿಪ್ಪುವಿನ ಕಾಲದ ನಂಟಿರುವ ಕುದುರೆ ಫಾರಂ ಇರುವ ಆ ಊರಿಗೆ ಬೆಂಗಳೂರಿನ ರೇಸ್‌ಕೋರ್ಸನ್ನು ತರುವ ಪ್ರಸ್ತಾಪ ಪದೇಪದೇ ಎದ್ದಿದೆ. ಉದ್ಯೋಗ, ಜಮೀನಿನ ಬೆಲೆ, ಪರಂಪರೆ ಎಂದು ಮಾತು ಸಾಗುತ್ತದೆ. ಬಾಜಿ ಕಟ್ಟುವ ಕಿಟಕಿ ಎಷ್ಟು, ಎಲ್ಲಿ, ಯಾವ ಹೊತ್ತಿಗೆ ಎಂದು ಕೇಳುವವರು ಕಡಿಮೆ. ರೇಸು ಬರುವುದೇ ಆದರೆ ಬಾಜಿ ಮೈದಾನದೊಳಗೆ ಮಾತ್ರ ನಡೆಯಲಿ, ಹೆಬ್ಬೂರು, ಗುಬ್ಬಿಗಳ ಪೇಟೆಯಲ್ಲಾಗಲೀ ಮೊಬೈಲಿನಲ್ಲಾಗಲೀ ಅದಕ್ಕೆ ಕೌಂಟರ್ ತೆರೆಯದಿರಲಿ, ಈ ಷರತ್ತುಗಳು ಪರವಾನಗಿಯ ಮೊದಲ ಪುಟದಲ್ಲೇ ಇರಲಿ. ಬುನಾದಿ ಬಿದ್ದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.