ಕಪ್ ಕೈಗೆ ಬಂತು, ನಲ್ಲಿ ಎಲ್ಲಿ?

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಡಿ ಕರ್ನಾಟಕದ ಹೆಣ್ಣುಮಕ್ಕಳು ಮಾಡಿದ ಉಚಿತ ಬಸ್ ಪ್ರಯಾಣಗಳ ಸಂಖ್ಯೆ 2025ರ ಜುಲೈ ಹೊತ್ತಿಗೆ 500 ಕೋಟಿ ದಾಟಿತು. ಕೆಲಸಕ್ಕೆ, ಕಾಲೇಜಿಗೆ, ಸಂತೆಗೆ, ಆಸ್ಪತ್ರೆಗೆ, ತವರಿಗೆ, ದೇವಸ್ಥಾನಕ್ಕೆ ಹೊರಟವರು ಇವರು. ಇವರಲ್ಲಿ ಲಕ್ಷಾಂತರ ಮಂದಿಗೆ ತಿಂಗಳಲ್ಲಿ ನಾಲ್ಕೈದು ದಿನ ಮುಟ್ಟು. ಅದಕ್ಕಾಗಿ ಪ್ರಯಾಣ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಐದಾರು ಗಂಟೆ ಬಸ್ಸಿನಲ್ಲಿ ಕೂತು ಇಳಿದವಳು ಪ್ಯಾಡ್ ಬದಲಿಸುವುದು ಎಲ್ಲಿ, ಮುಟ್ಟಿನ ಕಪ್ ಖಾಲಿ ಮಾಡುವುದು ಎಲ್ಲಿ, ಕೈ ತೊಳೆಯುವುದು ಎಲ್ಲಿ ಎಂಬುದನ್ನು ಟಿಕೆಟ್ಟಿನ ಲೆಕ್ಕ ಹೇಳುವುದಿಲ್ಲ.

ಅದೇ 2023ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಮತ್ತೊಂದು ಒಳ್ಳೆಯ ಹೆಜ್ಜೆ ಇಟ್ಟಿತು. ಹದಿಹರೆಯದ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್ ಕೊಡುವ ಶುಚಿ ಯೋಜನೆಯಡಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಪ್ರಾಯೋಗಿಕವಾಗಿ 'ಮೈತ್ರಿ' ಮುಟ್ಟಿನ ಕಪ್‌ಗಳನ್ನು ಹಂಚಿತು. ಪಕ್ಕದ ಕೇರಳ ಈ ದಾರಿಯಲ್ಲಿ ಇನ್ನೂ ಮುಂದಿತ್ತು. 2019ರಲ್ಲಿ ಆಲಪ್ಪುಳ ನಗರದಲ್ಲಿ 'ತಿಂಗಳ್' ಯೋಜನೆಯಡಿ ಸಾರ್ವಜನಿಕ ವಲಯದ ಎಚ್‌ಎಲ್‌ಎಲ್ ಸಂಸ್ಥೆ 5,000 ಕಪ್ ವಿತರಿಸಿತ್ತು. 2022ರ ಜನವರಿಯಲ್ಲಿ ಕೊಚ್ಚಿ ಬಳಿಯ ಕುಂಬಳಂಗಿಯನ್ನು ದೇಶದ ಮೊದಲ ಸ್ಯಾನಿಟರಿ ನ್ಯಾಪ್ಕಿನ್ ಮುಕ್ತ ಪಂಚಾಯಿತಿ ಎಂದು ಘೋಷಿಸಲಾಯಿತು.

ಇಷ್ಟಾದರೂ ದೇಶದ ಒಟ್ಟು ಚಿತ್ರ ಬೇರೆಯೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 64ರಷ್ಟು ಮಂದಿ ನ್ಯಾಪ್ಕಿನ್ ಬಳಸುತ್ತಾರೆ, ಶೇ 50ರಷ್ಟು ಮಂದಿ ಬಟ್ಟೆ ಬಳಸುತ್ತಾರೆ. ಎರಡೂ ಸೇರಿ ನೂರು ದಾಟಲು ಕಾರಣವಿದೆ. ಮನೆಯಲ್ಲಿದ್ದಾಗ ಬಟ್ಟೆ, ಹೊರಗೆ ಹೊರಟಾಗ ಪ್ಯಾಡ್ ಎಂದು ಎರಡನ್ನೂ ಇಟ್ಟುಕೊಂಡವರು ಬಹಳ. ಕಪ್ ಬಳಸುವವರು ಶೇ 1ಕ್ಕಿಂತ ಕಡಿಮೆ. ಮರುಬಳಕೆಯ ವಸ್ತುವಿಗೆ ನಮ್ಮ ಹೆಂಗಸರು ಹೊಸಬರಲ್ಲ. ಅಜ್ಜಿಯ ಹಳೆ ಸೀರೆಯ ತುಂಡು ತಲೆಮಾರುಗಳಿಂದ ಇದೇ ಕೆಲಸ ಮಾಡಿದೆ. ಮನೆಯೊಳಗೆ ಸಾಧ್ಯವಾಗುವುದು ಹೊಸ್ತಿಲು ದಾಟಿದೊಡನೆ ಏಕೆ ಅಸಾಧ್ಯವಾಗುತ್ತದೆ ಎಂಬುದನ್ನು ನೋಡಬೇಕಿದೆ. ಇದಕ್ಕೆ ಹೆಣ್ಣಿನ ಹಿಂಜರಿಕೆಯನ್ನು ದೂರುವುದು ಸುಲಭ. ನಿಜವಾದ ಕೊರತೆ ಇರುವುದು ಅವಳು ಹೋಗಬೇಕಾದ ಶೌಚಾಲಯದಲ್ಲಿ.

ಯಾವುದಾದರೂ ತಾಲ್ಲೂಕು ಕೇಂದ್ರದ ಹಳೆಯ ಬಸ್ ನಿಲ್ದಾಣವನ್ನು ನೆನಪಿಸಿಕೊಳ್ಳಿ. ಬಾಗಿಲಲ್ಲಿ ಕೂತವರ ಕೈಗೆ ಚಿಲ್ಲರೆ ಕೊಟ್ಟು ಒಳಗೆ ಹೋದರೆ ನೆಲವೆಲ್ಲ ಒದ್ದೆ. ಚಿಲಕ ಸಡಿಲ, ಹಾಗಾಗಿ ಒಂದು ಕೈ ಬಾಗಿಲ ಮೇಲೆಯೇ ಇರಬೇಕು. ಬ್ಯಾಗ್ ತೂಗುಹಾಕಲು ಒಂದು ಮೊಳೆಯೂ ಇಲ್ಲ. ಅದನ್ನು ಕತ್ತಿಗೆ ನೇತುಹಾಕಿಕೊಂಡು, ದುಪಟ್ಟಾವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಉಳಿದ ಒಂದೇ ಕೈಯಲ್ಲಿ ಎಲ್ಲವನ್ನೂ ಮಾಡಬೇಕು. ಒಳಗಿನ ನಲ್ಲಿಯಲ್ಲಿ ನೀರು ಬಂದರೆ ಮಗ್ ಇರುವುದಿಲ್ಲ, ಮಗ್ ಇದ್ದರೆ ನೀರು ಬರುವುದಿಲ್ಲ. ಕೈ ತೊಳೆಯುವ ಬೇಸಿನ್ ಹೊರಗೆ, ಸಾಲಿನಲ್ಲಿ ನಿಂತವರ ಎದುರಿಗೆ. ಸೋಪು ಇರುವುದೇ ಅಪರೂಪ.

ಇಂಥಲ್ಲಿ ಕಪ್ ಬಳಸುವುದು ಹೇಗೆ? ಮೆತ್ತನೆಯ ಸಿಲಿಕೋನಿನ ಈ ಪುಟ್ಟ ಬಟ್ಟಲನ್ನು ಮಡಚಿ ಒಳಗೆ ಕೂರಿಸಿದರೆ ಅದು ಅರಳಿಕೊಂಡು ಅಲ್ಲೇ ನಿಲ್ಲುತ್ತದೆ, ಸಾಮಾನ್ಯವಾಗಿ 20ರಿಂದ 30 ಮಿಲಿ ಲೀಟರ್ ರಕ್ತ ಹಿಡಿಯುತ್ತದೆ. ತೆಗೆಯುವಾಗ ಬುಡವನ್ನು ಚಿವುಟಿ ಗಾಳಿಯ ಹಿಡಿತ ಬಿಡಿಸಬೇಕು. ಚೆಲ್ಲಿ, ತೊಳೆದು, ಮತ್ತೆ ಹಾಕಿಕೊಳ್ಳಬೇಕು. ಅಂದರೆ ಮುಟ್ಟುವ ಮುಂಚೆ ಕೈ ಶುದ್ಧವಾಗಿರಬೇಕು, ಮುಟ್ಟಿದ ಮೇಲೆ ಬಾಗಿಲು ತೆರೆಯುವ ಮುನ್ನವೇ ಕೈ ತೊಳೆಯಲು ನೀರು ಬೇಕು. ಅಭ್ಯಾಸವಿರುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಹೊರಗಿನ ಬೇಸಿನ್ನಿನಲ್ಲಿ ಮೊದಲೇ ಸೋಪು ಹಾಕಿ ಕೈ ತೊಳೆದುಕೊಂಡು, ಬಾಟಲಿಯಲ್ಲಿ ಕುಡಿಯುವ ನೀರು ಹಿಡಿದು ಒಳಗೆ ಹೋಗುತ್ತಾರೆ. ಕಪ್ಪನ್ನು ಚೆಲ್ಲಿ, ಅದೇ ನೀರಿನಲ್ಲಿ ಜಾಲಿಸಿ ಹಾಕಿಕೊಳ್ಳುತ್ತಾರೆ. ನೀರು ಸಾಲದಿದ್ದರೆ ಶುದ್ಧ ಟಿಶ್ಯೂನಿಂದ ಒರೆಸಿ, ಮನೆ ಸೇರಿದ ಮೇಲೆ ಚೆನ್ನಾಗಿ ತೊಳೆಯುತ್ತಾರೆ. ಬಟ್ಟೆ ಪ್ಯಾಡ್ ಬಳಸುವವರು ಬಳಸಿದ್ದನ್ನು ಒಳಮುಖವಾಗಿ ಮಡಚಿ, ಗುಂಡಿ ಹಾಕಿ, ನೀರು ಇಳಿಯದ ಜಿಪ್ ಚೀಲಕ್ಕೆ ಸೇರಿಸುತ್ತಾರೆ. ಮನೆಗೆ ಬಂದು ತಣ್ಣೀರಿನಲ್ಲಿ ನೆನೆಹಾಕಿ ತೊಳೆಯುತ್ತಾರೆ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ ಎಂಬುದು ಅವರಿಗೆ ಗೊತ್ತು.

ಹೊರಗಿನ ದಿನಗಳಿಗೆ ಕಪ್ ತಕ್ಕ ವಸ್ತು ಎನ್ನಲು ಬಲವಾದ ಕಾರಣವೂ ಇದೆ. ಸ್ರಾವ ಎಷ್ಟಿದೆ ಎಂಬುದನ್ನು ನೋಡಿಕೊಂಡು 8ರಿಂದ 12 ಗಂಟೆ ಅದನ್ನು ಒಳಗಿಟ್ಟುಕೊಳ್ಳಬಹುದು. ಬೆಳಿಗ್ಗೆ ಮನೆಯಲ್ಲಿ ಹಾಕಿಕೊಂಡವಳು ಅನೇಕ ದಿನ ಸಂಜೆ ಮನೆಗೆ ಬಂದೇ ತೆಗೆಯಬಹುದು. ಆದರೆ ಸ್ರಾವ ಜೋರಾಗಿರುವ ಮೊದಲೆರಡು ದಿನ ಎಲ್ಲರಿಗೂ ಇದು ಆಗುವ ಮಾತಲ್ಲ. ಅಲ್ಲದೆ ಕಪ್ ಇದೆಯೆಂದು ಮೂತ್ರವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ದಿನವಿಡೀ ನೀರು ಕುಡಿಯದೆ ಊರು ಸೇರುವ ಹೆಂಗಸಿಗೆ ಕಪ್ ಕೊಟ್ಟು 'ಇನ್ನು ನಿನಗೆ ಶೌಚಾಲಯ ಬೇಡ' ಎನ್ನುವಂತಾದರೆ ಒಳ್ಳೆಯ ವಸ್ತುವೊಂದು ಕೆಟ್ಟ ವ್ಯವಸ್ಥೆಗೆ ನೆಪವಾಗುತ್ತದೆ.

ವಿಜ್ಞಾನ ಏನು ಹೇಳುತ್ತದೆ? 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್' ಪತ್ರಿಕೆ 2019ರಲ್ಲಿ ಪ್ರಕಟಿಸಿದ ವಿಮರ್ಶೆ 43 ಅಧ್ಯಯನಗಳನ್ನು, ಸುಮಾರು 3,300 ಬಳಕೆದಾರರ ಅನುಭವವನ್ನು ಒಟ್ಟಿಗೆ ನೋಡಿತು. ಸೋರುವಿಕೆ ಪ್ಯಾಡ್ ಅಥವಾ ಟ್ಯಾಂಪೂನಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದು ಕಂಡುಬಂತು. ಅಧ್ಯಯನ ಮುಗಿದ ಮೇಲೂ ಕಪ್ ಮುಂದುವರಿಸುತ್ತೇವೆ ಎಂದವರು ಸುಮಾರು ಶೇ 70. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಅಪರೂಪದ, ಗಂಭೀರ ಸೋಂಕಿನ ಐದು ಪ್ರಕರಣಗಳನ್ನೂ ಅದು ದಾಖಲಿಸಿತು. ಅದೇ ವಿಮರ್ಶೆಯ ಮತ್ತೊಂದು ಮಾತು ನಮ್ಮ ಯೋಜನೆಗಳಿಗೆ ಬಹಳ ಮುಖ್ಯ: ಕಪ್ ಕೈಹಿಡಿಯಲು ಕೆಲವು ತಿಂಗಳು ಬೇಕು, ಆ ಅವಧಿಯಲ್ಲಿ ಜೊತೆಯಲ್ಲಿದ್ದು ಹೇಳಿಕೊಡುವವರು ಬೇಕು. ಕಾಪರ್-ಟಿ ಹಾಕಿಸಿಕೊಂಡವರು ಕಪ್ ಬಳಸುವ ಮುನ್ನ ವೈದ್ಯರನ್ನು ಕೇಳುವುದು ಕ್ಷೇಮ.

ಬಟ್ಟೆಯ ಬಗ್ಗೆ ಒಡಿಶಾದ ಆಸ್ಪತ್ರೆಗಳಲ್ಲಿ ನಡೆದ ಎರಡು ಅಧ್ಯಯನಗಳು ಕಣ್ಣು ತೆರೆಸುತ್ತವೆ. 2015ರದು ಮರುಬಳಕೆಯ ಬಟ್ಟೆ ಬಳಸುವವರಲ್ಲಿ ಸೋಂಕಿನ ಲಕ್ಷಣ ಹೆಚ್ಚು ಎಂದಿತು. ಜೊತೆಗೇ, ಮನೆಯಲ್ಲಿ ತೊಳೆದುಕೊಳ್ಳಲು ಮರೆಯಾದ ಜಾಗ ಇದ್ದವರಿಗೆ ಒಂದು ಬಗೆಯ ಯೋನಿ ಸೋಂಕಿನಿಂದ ರಕ್ಷಣೆ ಸಿಕ್ಕಿತ್ತೆಂದೂ ಹೇಳಿತು. 2018ರದು ಬಟ್ಟೆಯನ್ನು ಮನೆಯೊಳಗೆ ಒಣಹಾಕುವವರಲ್ಲಿ ಕ್ಯಾಂಡಿಡಾ ಸೋಂಕು ಹೆಚ್ಚು ಎಂದು ತೋರಿಸಿತು. ಇವೆರಡನ್ನು ಒಟ್ಟಿಗೆ ಓದಿದರೆ ಬಟ್ಟೆಯ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ನೀರು, ಜಾಗ, ಬಿಸಿಲಿನ ಅಭಾವಕ್ಕೆ ಸೇರಬೇಕು ಎನ್ನಿಸುತ್ತದೆ. ಬೇರೆ ಬಟ್ಟೆಯ ಅಡಿಯಲ್ಲಿ ಬಚ್ಚಿಟ್ಟು, ಬಚ್ಚಲಿನ ಮೂಲೆಯಲ್ಲಿ ಒಣಗಿಸುವ ಅಭ್ಯಾಸ ನಾಚಿಕೆಯಿಂದ ಬಂದದ್ದು.

ಈ ಸಂಕಟ ಇನ್ನೂ ತೀವ್ರವಾಗಿರುವುದು ಹಾಸ್ಟೆಲ್ಲುಗಳಲ್ಲಿ. ಕಪ್ಪನ್ನು ಪ್ರತಿ ಮುಟ್ಟಿನ ಆರಂಭ ಮತ್ತು ಕೊನೆಯಲ್ಲಿ ಕೆಲವು ನಿಮಿಷ ಕುದಿಸಬೇಕು. ಕೋಣೆಯಲ್ಲಿ ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಳ್ಳಲು ವಾರ್ಡನ್ ಬಿಡುವುದಿಲ್ಲ, ಅಡುಗೆಮನೆಗೆ ಪ್ರವೇಶವಿಲ್ಲ. ತಿಂಗಳಿಗೆ ಎರಡು ಬಾರಿ ಒಂದು ಸಣ್ಣ ಪಾತ್ರೆ ನೀರು ಕಾಯಿಸಲು ದಾರಿಯಿಲ್ಲದೆ ಎಷ್ಟೋ ಕಪ್‌ಗಳು ಡಬ್ಬಿಯಲ್ಲೇ ಉಳಿಯುತ್ತವೆ. ಬಟ್ಟೆ ಪ್ಯಾಡ್ ಒಣಗಿಸೋಣವೆಂದರೆ ತಾರಸಿಯ ಬಾಗಿಲಿಗೆ ಬೀಗ. ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಒಂದು ಇಂಡಕ್ಷನ್ ಒಲೆ, ಇದಕ್ಕೆಂದೇ ಒಂದು ಪಾತ್ರೆ, ಬಿಸಿಲು ಬೀಳುವ ಕಡೆ ಒಂದು ಹಗ್ಗ: ಇಷ್ಟಕ್ಕೆ ಯಾವ ಸಂಪುಟದ ತೀರ್ಮಾನವೂ ಬೇಕಿಲ್ಲ.

ದುಡಿಯುವ ಜಾಗಗಳ ಕಥೆ ಇನ್ನೂ ಕಠಿಣ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಗಂಟೆಗಿಷ್ಟು ಪೀಸ್ ಎಂಬ ಗುರಿಯಿದೆ; ಎದ್ದು ಹೋಗುವ ಪ್ರತಿ ನಿಮಿಷಕ್ಕೂ ಸೂಪರ್‌ವೈಸರ್ ಮುಖ ನೋಡಬೇಕು. ನಸುಕಿನಲ್ಲೇ ಬೀದಿಗಿಳಿಯುವ ಪೌರಕಾರ್ಮಿಕ ಮಹಿಳೆಗೆ ತಾನು ಗುಡಿಸುವ ರಸ್ತೆಯಲ್ಲಿ ಶೌಚಾಲಯ ಸಿಗುವುದು ಅದೃಷ್ಟದ ಮಾತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ವರ್ಷ ಕಬ್ಬು ಕಡಿಯಲು ಗುಳೆ ಹೊರಡುವ ಕುಟುಂಬಗಳು ಗಡಿ ದಾಟಿ ನಮ್ಮ ಬೆಳಗಾವಿ ಸೀಮೆಗೂ ಬರುತ್ತವೆ. ಅಲ್ಲಿ ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ', ಅಂದರೆ ಒಂದೇ ಕೂಲಿ ಘಟಕ. ಒಂದು ದಿನ ತಪ್ಪಿದರೆ ದಂಡ. ಗದ್ದೆಯ ಬದಿಯ ಗುಡಿಸಲಲ್ಲಿ ಬಚ್ಚಲೂ ಇಲ್ಲ, ನಲ್ಲಿಯೂ ಇಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ ಬೀಡ್‌ನ 82 ಸಾವಿರಕ್ಕೂ ಹೆಚ್ಚು ಕಬ್ಬಿನ ಕೂಲಿ ಮಹಿಳೆಯರ ಸಮೀಕ್ಷೆ ನಡೆಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದು ಬೆಳಕಿಗೆ ಬಂತು. ಸಾಲ, ಕ್ಯಾನ್ಸರಿನ ಭಯ ಹುಟ್ಟಿಸುವ ವೈದ್ಯರು, ಬಾಲ್ಯವಿವಾಹ ಎಲ್ಲವೂ ಇದರ ಹಿಂದಿವೆ. ಮುಟ್ಟಿನ ದಿನ ಕೆಲಸ ತಪ್ಪಿ ಕೂಲಿ ಹೋಗುವ ಭಯವೂ ಅದರಲ್ಲಿ ಸೇರಿದೆ.

ಕರ್ನಾಟಕ ಸಂಪುಟ 2025ರ ಅಕ್ಟೋಬರ್‌ನಲ್ಲಿ ಖಾಸಗಿ ವಲಯವನ್ನೂ ಒಳಗೊಂಡು ತಿಂಗಳಿಗೆ ಒಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸ್ವಾಗತಾರ್ಹ ನಿರ್ಧಾರ. ಆದರೆ ಉಳಿದ ಮೂರು-ನಾಲ್ಕು ದಿನ ಅವಳು ಕೆಲಸದಲ್ಲೇ ಇರುತ್ತಾಳೆ. ರಜೆ ಕೊಡುವ ಮಾಲೀಕರು ಆ ದಿನಗಳಿಗೆ ನೀರಿರುವ ಶೌಚಾಲಯವನ್ನೂ, ಅಲ್ಲಿಗೆ ಹೋಗಿಬರಲು ಬಿಡುವನ್ನೂ ಕೊಡಬೇಕು.

ಕಪ್ ವಿಚಾರ ಬಂದಾಗ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: ಮದುವೆಯಾಗದ ಹುಡುಗಿಗೆ ಇದು ಸರಿಯೇ? ಇದನ್ನು ಗದರಿಸಿ ತಳ್ಳಿಹಾಕಬಾರದು, ಉತ್ತರಿಸಬೇಕು. ಕನ್ಯಾಪೊರೆ ಆಟ, ಸೈಕಲ್ ಸವಾರಿಯಂಥ ಸಾಮಾನ್ಯ ಚಟುವಟಿಕೆಯಲ್ಲೂ ಬದಲಾಗಬಹುದು, ಕೆಲವರಲ್ಲಿ ಹುಟ್ಟಿನಿಂದಲೇ ಬೇರೆ ರೀತಿ ಇರುತ್ತದೆ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಹಾಗೆಂದು ಕಪ್ ಬೇಡ ಎನ್ನುವ ಹುಡುಗಿಯ ಮೇಲೆ ಅದನ್ನು ಹೇರುವುದೂ ತಪ್ಪು. ಅವಳಿಗೆ ಬಟ್ಟೆ ಪ್ಯಾಡ್ ಇರಲಿ, ಬೇಕೆಂದರೆ ಸಾಧಾರಣ ಪ್ಯಾಡೇ ಇರಲಿ. ಪರಿಸರ ಉಳಿಸುವ ಹೊಣೆಯನ್ನು ನೀರಿಲ್ಲದ ಶೌಚಾಲಯದಲ್ಲಿ ನಿಂತ ಹೆಣ್ಣಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪರಿಸರದ ಪ್ರಶ್ನೆ ಸಣ್ಣದು ಎಂದಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಪ್ಯಾಡ್ ಕಸಕ್ಕೆ ಸೇರುತ್ತವೆ ಎಂಬ ಅಂದಾಜಿದೆ. ಅವುಗಳಲ್ಲಿ ಪ್ಲಾಸ್ಟಿಕ್ಕಿನದೇ ಮೇಲುಗೈ. 2016ರ ಘನತ್ಯಾಜ್ಯ ನಿಯಮ ಬಳಸಿದ ಪ್ಯಾಡನ್ನು ಸುತ್ತಿ ಕೊಡಬೇಕು ಎಂದಿತು, ಅದಕ್ಕೆ ತಯಾರಕರು ಚೀಲ ಒದಗಿಸಬೇಕು ಎಂದೂ ಹೇಳಿತು. ಆದರೆ ಮುಚ್ಚಳದ ಬುಟ್ಟಿಯೇ ಇಲ್ಲದ ಬಸ್ ನಿಲ್ದಾಣದಲ್ಲಿ ಪ್ಯಾಡ್ ಕಿಟಕಿಯ ಸಂದಿಗೆ, ಕಮೋಡಿನ ಹಿಂದಕ್ಕೆ ಹೋಗುತ್ತದೆ. ಅದನ್ನು ಬರಿಗೈಯಲ್ಲಿ ಹೆಕ್ಕುವವಳು ಮತ್ತೊಬ್ಬ ಹೆಂಗಸೇ.

ಮಾಡಲು ಸಾಧ್ಯವೆಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 2020ರ ಆಗಸ್ಟ್‌ನಲ್ಲಿ ಕೆಎಸ್‌ಆರ್‌ಟಿಸಿ ಗುಜರಿಗೆ ಹೋಗಬೇಕಿದ್ದ ಹಳೆ ಬಸ್ಸೊಂದನ್ನು 'ಸ್ತ್ರೀ ಶೌಚಾಲಯ'ವಾಗಿ ಮಾರ್ಪಡಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಸುಮಾರು 12 ಲಕ್ಷ ರೂಪಾಯಿ ವೆಚ್ಚದಲ್ಲಿ ಭಾರತೀಯ ಮತ್ತು ಪಾಶ್ಚಾತ್ಯ ಶೈಲಿಯ ಶೌಚಕೋಣೆಗಳು, ಪ್ಯಾಡ್ ಯಂತ್ರ, ಸುಡುವ ಯಂತ್ರ, ಎದೆಹಾಲುಣಿಸಲು ಜಾಗ ಎಲ್ಲ ಅದರಲ್ಲಿ ಹಿಡಿದವು. ಇದನ್ನೇ ಮಾನದಂಡವಾಗಿ ಇಟ್ಟುಕೊಂಡು ಮರುಬಳಕೆಯವರಿಗೂ ಒಗ್ಗುವ ಐದು ಸಂಗತಿಗಳನ್ನು ಪ್ರತಿ ಮಹಿಳಾ ಶೌಚಾಲಯದ ಟೆಂಡರಿನಲ್ಲಿ ಕಡ್ಡಾಯ ಮಾಡಬಹುದು: ಬಾಗಿಲ ಒಳಗೇ ನೀರು ಬರುವ ನಲ್ಲಿ ಮತ್ತು ಮಗ್, ಗಟ್ಟಿ ಚಿಲಕ, ಬ್ಯಾಗಿಗೊಂದು ಕೊಕ್ಕೆ, ಮುಚ್ಚಳದ ಬುಟ್ಟಿ, ಹೊರಗೆ ಸೋಪು. ಇವುಗಳಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ.

ಎರಡನೆಯದಾಗಿ, ಹಂಚಿದ ಕಪ್‌ಗಳ ಸಂಖ್ಯೆಯನ್ನೇ ಯಶಸ್ಸೆಂದು ಬಿಂಬಿಸುವುದು ನಿಲ್ಲಬೇಕು. ದಕ್ಷಿಣ ಕನ್ನಡ, ಚಾಮರಾಜನಗರದ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಇಂದಿಗೂ ಕಪ್ ಬಳಸುತ್ತಿದ್ದಾರೆ, ಬಿಟ್ಟವರು ನೋವಿಗೆ ಬಿಟ್ಟರೋ, ಹೆದರಿಕೆಗೋ, ಕಾಲೇಜಿನಲ್ಲಿ ನೀರಿಲ್ಲದ್ದಕ್ಕೋ ಎಂಬುದನ್ನು ಆರೋಗ್ಯ ಇಲಾಖೆ ಆಶಾ ಕಾರ್ಯಕರ್ತೆಯರ ಮೂಲಕ ಕೇಳಿ ತಿಳಿದು, ವರದಿಯನ್ನು ಸಾರ್ವಜನಿಕರ ಮುಂದಿಡಲಿ. ಯೋಜನೆಯನ್ನು ಉಳಿದ ಜಿಲ್ಲೆಗಳಿಗೆ ಒಯ್ಯುವ ಮುನ್ನ ಮೊದಲ ಮೂರು ತಿಂಗಳು ಹೇಳಿಕೊಡುವವರ ವೆಚ್ಚವನ್ನೂ, ಆಯಾ ಕಾಲೇಜು ಮತ್ತು ಹಾಸ್ಟೆಲ್ಲಿನ ಶೌಚಾಲಯ ದುರಸ್ತಿಯ ವೆಚ್ಚವನ್ನೂ ಕಪ್ ಖರೀದಿಯ ಅದೇ ಅಂದಾಜುಪಟ್ಟಿಯಲ್ಲಿ ಸೇರಿಸಲಿ.