ಬೆಳೆಯ ಮಾತು ಬಿಚ್ಚಿ ಹೇಳಿ, ಮನೆಯ ಮಾತು ಮುಚ್ಚಿಡಿ

ಬೇಸಾಯದ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ಹರಿದು ಬರುವುದು ಹೊಸದೇನಲ್ಲ. ಅರಳಿಕಟ್ಟೆ, ವಾರದ ಸಂತೆ, ಸಹಕಾರ ಸಂಘದ ಜಗಲಿ, ಹಾಲಿನ ಡೇರಿಯ ಸರದಿ ಇವೆಲ್ಲ ರೈತನಿಗೆ ಪಾಠಶಾಲೆಗಳೇ ಆಗಿವೆ. ಈಗ ಇವುಗಳ ಜೊತೆಗೆ ಮೊಬೈಲ್ ಫೋನಿನ ವಾಟ್ಸ್ಆ್ಯಪ್ ಗುಂಪುಗಳೂ ಸೇರಿಕೊಂಡಿವೆ. ಅಡಿಕೆ ಬೆಳೆಗಾರರದೊಂದು, ದಾಳಿಂಬೆಯವರದೊಂದು, ರೇಷ್ಮೆಯವರದೊಂದು, ಹೈನುಗಾರರದೊಂದು, ಜೇನು ಸಾಕುವ ಹವ್ಯಾಸಿಗಳದೊಂದು ಗುಂಪು ಇದೆ. ಒಂದು ಗುಂಪಿನಲ್ಲಿ 1,024 ಮಂದಿಯವರೆಗೆ ಸೇರಲು ಅವಕಾಶವಿದೆ. ಅಂದರೆ ಒಂದು ದೊಡ್ಡ ಊರಿನ ಜನವೆಲ್ಲ ಒಂದೇ ಕಟ್ಟೆಯ ಮೇಲೆ ಕೂತಂತೆ.

ಈ ಗುಂಪುಗಳನ್ನು ಕಾಲಹರಣದ ಸಾಧನವೆಂದು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನಜೋಳದ ಹೊಲದಲ್ಲಿ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲೇ ಮೊದಲ ಬಾರಿಗೆ ಕಂಡುಬಂದಿತು. ಅದರ ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆಯೂ, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಇಂಥ ಗುರುತನ್ನು ಒಂದು ಸ್ಪಷ್ಟವಾದ ಚಿತ್ರ ಮನದಟ್ಟು ಮಾಡಿಸುವಷ್ಟು ಬೇಗ ಹತ್ತು ಭಾಷಣಗಳು ಮಾಡಿಸಲಾರವು. ಹೊಸ ಕೀಟ, ಹೊಸ ರೋಗ ಬಂದಾಗ ಗುಂಪು ನಿಜಕ್ಕೂ ಉಪಕಾರಿ.

ಆದರೆ ಗುಂಪುಗಳಲ್ಲಿ ನಡೆಯುವ ವ್ಯವಹಾರವನ್ನು ಗಮನಿಸಿದವರಿಗೆ ಒಂದು ವಿಪರ್ಯಾಸ ಕಾಣದಿರದು. ಬೆಳೆಯ ವಿಚಾರದಲ್ಲಿ ಹೇಳಲೇಬೇಕಾದ ವಿವರಗಳನ್ನು ನಾವು ಹೇಳುವುದಿಲ್ಲ. ಮನೆಯ ವಿಚಾರದಲ್ಲಿ ಹೇಳಬಾರದ ವಿವರಗಳನ್ನು ಕೇಳುವ ಮೊದಲೇ ಹೇಳಿಬಿಡುತ್ತೇವೆ. ಒಂದರಿಂದ ಫಸಲಿಗೆ ನಷ್ಟ, ಇನ್ನೊಂದರಿಂದ ಸಂಸಾರಕ್ಕೆ ನಷ್ಟ. ಇದು ತಿರುವುಮುರುವಾಗಬೇಕು ಎಂಬುದೇ ಈ ಲೇಖನದ ವಾದ.

ಅರ್ಧ ಪ್ರಶ್ನೆಗೆ ಅರ್ಧ ಉತ್ತರ

ಹಳದಿಯಾದ ಅಡಿಕೆ ಸೋಗೆಯ ಚಿತ್ರವೊಂದು ಗುಂಪಿಗೆ ಬರುತ್ತದೆ. ಕೆಳಗೆ ‘ಏನು ಹೊಡೆಯಬೇಕು?’ ಎಂಬ ಒಂದೇ ಸಾಲು. ತೋಟ ಯಾವ ಸೀಮೆಯದು, ಮರಕ್ಕೆ ವಯಸ್ಸೆಷ್ಟು, ಬಸಿಗಾಲುವೆ ಇದೆಯೇ, ಕಳೆದ ವರ್ಷ ಏನು ಗೊಬ್ಬರ ಕೊಟ್ಟಿದೆ ಎಂಬ ಮಾತೇ ಇಲ್ಲ. ಸೋಗೆ ಹಳದಿಯಾಗುವುದು ಹಳದಿ ಎಲೆ ರೋಗದಿಂದ ಇರಬಹುದು, ಬೇರುಹುಳುವಿನಿಂದ ಇರಬಹುದು, ನೀರು ನಿಂತು ಬೇರು ಉಸಿರುಗಟ್ಟಿದ್ದರಿಂದ ಇರಬಹುದು, ಪೋಷಕಾಂಶದ ಕೊರತೆಯಿಂದಲೂ ಇರಬಹುದು. ನಾಲ್ಕಕ್ಕೂ ಉಪಚಾರ ಬೇರೆ ಬೇರೆ. ಚಿತ್ರ ನೋಡಿದ ನಾಲ್ವರು ತಮ್ಮ ತಮ್ಮ ತೋಟದ ಅನುಭವದಿಂದ ನಾಲ್ಕು ಔಷಧಿ ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಕೇಳಿದವನು ನಾಲ್ಕನ್ನೂ ಕೊಂಡು ತರುತ್ತಾನೆ.

ಪ್ರಮಾಣದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ. ಇದನ್ನೇ ಯಾರೋ ‘ಒಂದು ಡ್ರಮ್ಮಿಗೆ ಒಂದು ಕಿಲೋ’ ಎಂದು ಬರೆದರೆ, 200 ಲೀಟರಿನ ಡ್ರಮ್ಮು ಇರುವವನ ದ್ರಾವಣ ಅರ್ಧ ಬಲಕ್ಕೆ ಇಳಿಯುತ್ತದೆ. ಮಳೆಗಾಲದ ನಡುವೆ ಬಿಡುವು ನೋಡಿ, ಕೂಲಿ ಕೊಟ್ಟು, ಮರ ಹತ್ತಿಸಿ ಹೊಡೆಸಿದ ಔಷಧಿ ಫಲ ಕೊಡುವುದಿಲ್ಲ. ‘ಟ್ಯಾಂಕಿಗೆ ಎರಡು ಮುಚ್ಚಳ’ ಎಂಬ ಸಲಹೆಯ ಗತಿಯೂ ಇದೇ. ಒಬ್ಬರ ಟ್ಯಾಂಕು 10 ಲೀಟರು, ಇನ್ನೊಬ್ಬರದು 16, ಮತ್ತೊಬ್ಬರದು 20. ಮುಚ್ಚಳದ ಅಳತೆಯಂತೂ ಕಂಪನಿಗೊಂದು.

ಹಳೆಯ ಸಲಹೆಗಳು ಸಾಯುವುದಿಲ್ಲ ಎಂಬುದು ಮತ್ತೊಂದು ತೊಡಕು. ಎಂಡೋಸಲ್ಫಾನಿನ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು 2011ರಲ್ಲಿಯೇ ಸುಪ್ರೀಂ ಕೋರ್ಟು ತಡೆಯಿತು. ಅದಕ್ಕೂ ಹಿಂದೆ ಬರೆದ ಸಲಹೆಯೊಂದು ತಾರೀಖಿಲ್ಲದೆ ಕೈಯಿಂದ ಕೈಗೆ ಸಾಗಿ ಬಂದರೆ ಹೊಸ ರೈತನಿಗೆ ಅದು ನಿನ್ನೆಯ ಮಾತಿನಂತೆಯೇ ಕಾಣುತ್ತದೆ. ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ತಿಂಗಳು, ವರ್ಷ, ಬರೆದವರ ಹೆಸರು ಇರುತ್ತದೆ. ಹತ್ತು ಕೈ ದಾಟಿ ಬಂದ ಸಂದೇಶಕ್ಕೆ ಇವು ಯಾವುವೂ ಇರುವುದಿಲ್ಲ.

ಆದ್ದರಿಂದ ಪ್ರಶ್ನೆ ಕೇಳುವವರು ಬೆಳೆಯ ಜಾತಕವನ್ನು ಪೂರ್ತಿಯಾಗಿ ಕೊಡಬೇಕು. ತಳಿ, ವಯಸ್ಸು, ಮಣ್ಣು, ನೀರಿನ ಅನುಕೂಲ, ತಾಲ್ಲೂಕು, ಮೊದಲು ಹೊಡೆದ ಔಷಧಿ, ಲಕ್ಷಣ ಮೊದಲು ಕಂಡ ದಿನ ಇವಿಷ್ಟು ಬೇಕೇ ಬೇಕು. ಸಲಹೆ ಕೊಡುವವರು ತಮ್ಮ ಹೆಸರು, ಊರು, ಯಾವ ವರ್ಷದ ಅನುಭವ ಎಂಬುದನ್ನು ತಿಳಿಸಬೇಕು. ಪ್ರಮಾಣವನ್ನು ಲೀಟರಿಗೆ ಇಷ್ಟು ಗ್ರಾಂ ಅಥವಾ ಮಿಲಿ ಲೀಟರ್ ಎಂದೇ ಹೇಳಬೇಕು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ಹೆಸರು, ಊರು ಹೇಳಿ ಅನುಭವ ಬರೆಯುವವನಿಗೆ ತನ್ನ ಮಾತಿನ ಹೊಣೆ ಇರುತ್ತದೆ. ಆ ಹೊಣೆ ಫೋನಿನ ಗುಂಪಿಗೂ ಬರಬೇಕು.

ಮನೆಯ ಕಾಗದ ಬೀದಿಗೆ ಬಂದರೆ

ಈಗ ಇನ್ನೊಂದು ಮಗ್ಗುಲು ನೋಡೋಣ. ‘ನನಗೆ ಪರಿಹಾರದ ಹಣ ಬಂದಿಲ್ಲ, ಯಾರಾದರೂ ನೋಡಿ ಹೇಳಿ’ ಎಂದು ಬ್ಯಾಂಕಿನ ಪಾಸ್ ಪುಸ್ತಕ, ಆಧಾರ್ ಕಾರ್ಡು, ಪಹಣಿ ಮೂರನ್ನೂ ಒಟ್ಟಿಗೆ ಚಿತ್ರ ತೆಗೆದು ಗುಂಪಿಗೆ ಹಾಕುವವರಿದ್ದಾರೆ. ಗುಂಪಿನಲ್ಲಿ ಫೋನ್ ಸಂಖ್ಯೆ ಮೊದಲೇ ಎಲ್ಲರಿಗೂ ಕಾಣುತ್ತಿರುತ್ತದೆ. ಮೋಸ ಮಾಡುವವನಿಗೆ ಇನ್ನು ಬೇಕಾದ್ದೇನು? ಮರುದಿನ ಬ್ಯಾಂಕಿನವರಂತೆ ಫೋನು ಬರುತ್ತದೆ. ಹೆಸರು, ತಂದೆಯ ಹೆಸರು, ಖಾತೆಯ ಸಂಖ್ಯೆ ಎಲ್ಲವನ್ನೂ ಸರಿಯಾಗಿ ಹೇಳುವವನನ್ನು ನಂಬದಿರುವುದು ಹೇಗೆ? ಕೊನೆಗೆ ಓ.ಟಿ.ಪಿ. ಒಂದನ್ನು ಕೇಳುತ್ತಾನೆ. ಅದನ್ನು ಹೇಳಿದರೆ ಹಣ ಹೋಯಿತು.

ಪಿ.ಎಂ. ಕಿಸಾನ್ ಯೋಜನೆಯ ಹೆಸರಿನಲ್ಲಿ ಎ.ಪಿ.ಕೆ. ಎಂದು ಕೊನೆಗೊಳ್ಳುವ ಕಡತಗಳನ್ನು ಗುಂಪುಗಳಲ್ಲಿ ಹರಿಯಬಿಡುವುದು ಇತ್ತೀಚಿನ ಮೋಸ. ಅದನ್ನು ಒತ್ತಿ ಫೋನಿನಲ್ಲಿ ಸ್ಥಾಪಿಸಿಕೊಂಡರೆ ನಮಗೆ ಬರುವ ಸಂದೇಶಗಳನ್ನೆಲ್ಲ ಕಳ್ಳನೂ ಓದುವಂತಾಗುತ್ತದೆ. ಪರಿಚಯದ ರೈತನ ಸಂಖ್ಯೆಯಿಂದಲೇ ಬಂದರೂ ಇಂಥ ಕಡತವನ್ನು ತೆರೆಯಬಾರದು. ಅವನ ಫೋನು ಮೊದಲೇ ಕಳ್ಳರ ವಶವಾಗಿರಬಹುದು.

ಹಣದ ಮೋಸವಷ್ಟೇ ಅಲ್ಲದೆ ವ್ಯಾಪಾರದ ನಷ್ಟವೂ ಉಂಟು. ‘ನನ್ನಲ್ಲಿ 20 ಕ್ವಿಂಟಾಲ್ ಮೆಣಸು ಇದೆ, ಮಗಳ ಮದುವೆಗೆ ತುರ್ತಾಗಿ ಹಣ ಬೇಕು, ದರ ಏನಾದೀತು?’ ಎಂದು ಬರೆದ ಕ್ಷಣವೇ ದರ ಗೊತ್ತಾದಂತೆ. ಬೆಳೆಗಾರರ ಗುಂಪಿನಲ್ಲಿ ಖರೀದಿದಾರರೂ ಚೇಣಿದಾರರೂ ಇರುತ್ತಾರೆ. ದರ ಕೇಳಲು ದಾಸ್ತಾನನ್ನೂ ಅವಸರವನ್ನೂ ಹೇಳಬೇಕಾಗಿಲ್ಲ.

ಶ್ರೀಗಂಧ ಬೆಳೆದವರ ಸಂಗತಿ ಇನ್ನೂ ಸೂಕ್ಷ್ಮ. 2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧದ ಮರ ಬೆಳೆದವನದೇ ಆಯಿತು. ಕಾಯುವ ಹೊಣೆಯೂ ಅವನದೇ. ಈಗ ಹಲವರು ಅಕ್ಷಾಂಶ, ರೇಖಾಂಶ, ಊರಿನ ಹೆಸರು ಚಿತ್ರದ ಮೇಲೆಯೇ ಅಚ್ಚಾಗುವ ಜಿ.ಪಿ.ಎಸ್. ಕ್ಯಾಮೆರಾ ಬಳಸುತ್ತಾರೆ. ಇಲಾಖೆಯ ಕೆಲಸಕ್ಕೆ ಅದು ಅಗತ್ಯವಾಗಬಹುದು. ಅದೇ ಚಿತ್ರವನ್ನು ‘ನಮ್ಮ ಗಂಧಕ್ಕೆ ಚೇಗು ಬಂದಿದೆ’ ಎಂದು ಗುಂಪಿಗೆ ಹಾಕುವುದು ಕಳ್ಳನಿಗೆ ದಾರಿ ತೋರಿಸಿದಂತೆ.

‘ಹಳ್ಳಿಯಲ್ಲಿ ಗುಟ್ಟೆಲ್ಲಿದೆ?’

ಈ ಮಾತಿಗೆ ಕೆಲವರು ನಗಬಹುದು. ಹಳ್ಳಿಯಲ್ಲಿ ಯಾರ ಮನೆಯ ಸಾಲ ಯಾರಿಗೆ ಗೊತ್ತಿಲ್ಲ? ಪಹಣಿಯನ್ನು ಭೂಮಿ ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು, ಜಮೀನಿನ ಮೇಲಿನ ಸಾಲದ ನಮೂದೂ ಅದರಲ್ಲೇ ಇರುತ್ತದೆ, ಇನ್ನು ಮುಚ್ಚಿಡುವುದೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ.

ಆದರೆ ಕಟ್ಟೆಯ ಮೇಲೆ ಮಾತನಾಡುವಾಗ ಎದುರಿಗೆ ಯಾರಿದ್ದಾರೆ ಎಂಬುದು ನಮಗೆ ಕಾಣುತ್ತದೆ. ಬೇಡದವನು ಬಂದರೆ ಮಾತು ಬದಲಿಸುತ್ತೇವೆ. ಆಡಿದ ಮಾತು ಸಂಜೆಗೆ ಗಾಳಿಯಲ್ಲಿ ಹೋಗುತ್ತದೆ. ಗುಂಪಿನಲ್ಲಿ ಸಾವಿರ ಜನರಲ್ಲಿ ಮಾತನಾಡುವವರು ಹತ್ತು ಮಂದಿ, ಉಳಿದವರು ಯಾರೆಂದು ಅಡ್ಮಿನ್‌ಗೂ ತಿಳಿದಿರುವುದಿಲ್ಲ. ನಮ್ಮ ಕಡೆ ಅಳಿಸಿಹಾಕಿದರೂ ಬೇರೆಯವರು ಉಳಿಸಿಕೊಂಡ ಚಿತ್ರ ಅಳಿಯುವುದಿಲ್ಲ. ಪಹಣಿ ಬೇಕಾದವನು ಹುಡುಕಿ ನೋಡಬೇಕು. ಗುಂಪಿನಲ್ಲಿ ಅದು ಮುಖ, ಹೆಸರು, ಫೋನ್ ಸಂಖ್ಯೆ, ಕಷ್ಟ ಎಲ್ಲದರ ಜೊತೆಗೆ ಒಂದೇ ಕಟ್ಟಾಗಿ ಸಿಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಕಟ್ಟೆಗಿಂತ ಈ ಗುಂಪಿಗೇ ಹೆಚ್ಚು ಹೊಂದುತ್ತದೆ.

ನೆರೆಯವರ ಹೊಲ, ನೆರೆಯವರ ಕಷ್ಟ

ತನ್ನ ವಿಷಯವನ್ನು ಹೇಳಿಕೊಳ್ಳುವುದು ಅವರವರ ಇಷ್ಟ. ಬೇರೆಯವರ ವಿಷಯ ಹಾಗಲ್ಲ. ಪಕ್ಕದ ತೋಟಕ್ಕೆ ರೋಗ ಬಂದಿದೆಯೆಂದು ಯಜಮಾನನ ಹೆಸರು ಹಾಕಿ ಚಿತ್ರ ಕಳಿಸಿದರೆ ಅವನ ಫಸಲಿಗೆ ಚೇಣಿ ಹಿಡಿಯುವವರು ಹಿಂಜರಿಯುತ್ತಾರೆ. ರೋಗದ ಸುದ್ದಿ ಊರಿಗೆ ತಿಳಿಯಬೇಕಾದದ್ದು ನಿಜ. ‘ನಮ್ಮ ಹೋಬಳಿಯಲ್ಲಿ ಎಲೆಚುಕ್ಕಿ ಕಂಡಿದೆ, ತೋಟ ನೋಡಿಕೊಳ್ಳಿ’ ಎಂದರೆ ಆ ಕೆಲಸ ಆಗುತ್ತದೆ. ಹೆಸರಿನ ಅಗತ್ಯವಿಲ್ಲ. ಸ್ವಸಹಾಯ ಸಂಘಗಳ ಗುಂಪಿನಲ್ಲಿ ಕಂತು ಕಟ್ಟದ ಹೆಣ್ಣುಮಗಳ ಹೆಸರನ್ನೋ ಭಾವಚಿತ್ರವನ್ನೋ ಹಾಕುವುದಂತೂ ಸರ್ವಥಾ ಕೂಡದು. ಹಾಗೆ ಮಾಡಿದರೆ ಕಂತು ಬರುವುದು ಅನುಮಾನ, ಮಾನ ಹೋಗುವುದು ನಿಶ್ಚಯ.

ಬೆಳೆ ಹೋಗಿ, ಸಾಲ ಏರಿ, ಮನಸ್ಸು ಕುಗ್ಗಿದವರು ಒಮ್ಮೊಮ್ಮೆ ನಡುರಾತ್ರಿ ಗುಂಪಿನಲ್ಲಿ ತಮ್ಮ ಸಂಕಟ ತೋಡಿಕೊಳ್ಳುತ್ತಾರೆ. ಅಂಥ ಮಾತನ್ನು ಬೇರೆ ಗುಂಪಿಗೆ ರವಾನಿಸುವುದು, ಸ್ಕ್ರೀನ್‌ಶಾಟ್ ತೆಗೆದು ಹಂಚುವುದು ಕ್ರೌರ್ಯ. ಹತ್ತಿರದವರು ಕೂಡಲೇ ನೇರವಾಗಿ ಫೋನು ಮಾಡಬೇಕು, ಸಾಧ್ಯವಾದರೆ ಮನೆಗೇ ಹೋಗಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿ ಹೇಳಿದ ಮಾತು ಊರಿಗೆ ಬರುವುದಿಲ್ಲ.

ಕಾನೂನಿನ ಆಸರೆ ಎಷ್ಟು?

ಖಾಸಗಿತನ ಪಟ್ಟಣದ ಓದಿದವರ ಚಿಂತೆಯೆಂದು ತಿಳಿಯಬಾರದು. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 24 ಆಗಸ್ಟ್ 2017ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯೂ ಬಂದಿತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಬಳಕೆಗಾಗಿ ಮಾಡುವ ವ್ಯವಹಾರಕ್ಕೂ, ತಾನೇ ಬಹಿರಂಗಪಡಿಸಿದ ವಿವರಕ್ಕೂ ಈ ಕಾಯಿದೆ ಅನ್ವಯಿಸುವುದಿಲ್ಲ. ಕಂಪನಿಗಳನ್ನು ಅದು ಕಟ್ಟಿಹಾಕೀತು. ನಮ್ಮ ಕೈಯಿಂದ ನಾವೇ ಚೆಲ್ಲಿದ್ದನ್ನು ಎತ್ತಿಕೊಡಲಾರದು. ಆದ್ದರಿಂದ ಪ್ರತಿ ಗುಂಪೂ ತನ್ನ ಕಟ್ಟುಪಾಡನ್ನು ತಾನೇ ಮಾಡಿಕೊಳ್ಳಬೇಕು.

ಗುಂಪಿಗೊಂದು ಕಟ್ಟುಪಾಡು

1. ಬೆಳೆಯ ಚಿತ್ರದ ಜೊತೆ ತಳಿ, ವಯಸ್ಸು, ಮಣ್ಣು, ತಾಲ್ಲೂಕು, ಹಿಂದಿನ ಉಪಚಾರ ಬರೆಯದಿದ್ದರೆ ಉತ್ತರ ಕೊಡುವ ಮೊದಲು ಅವನ್ನು ಕೇಳಬೇಕು.

2. ಔಷಧಿಯ ಸಲಹೆಗೆ ಹೇಳಿದವರ ಹೆಸರು, ಊರು, ಲೀಟರಿನ ಲೆಕ್ಕದ ಪ್ರಮಾಣ ಇರಬೇಕು. ಡಬ್ಬಿಯ ಚೀಟಿಯಲ್ಲಿ ಆ ಬೆಳೆಗೆ ಶಿಫಾರಸು ಇದೆಯೇ ಎಂದು ನೋಡಿಯೇ ಸಿಂಪಡಿಸಬೇಕು. ಸಂಶಯವಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551 ಅನ್ನು ಕೇಳಬೇಕು.

3. ಆಧಾರ್, ಪಾಸ್ ಪುಸ್ತಕ, ಓ.ಟಿ.ಪಿ. ಗುಂಪಿಗೆ ಬರಕೂಡದು. ಬಂದರೆ ಅಡ್ಮಿನ್ ತಕ್ಷಣ ಅಳಿಸಬೇಕು. ಆಧಾರ್ ಕೊಡಲೇಬೇಕಾದ ಕಡೆ, ಅವರು ಒಪ್ಪಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಜಾಲತಾಣದಿಂದ ಪಡೆದು ಕೊಡಬಹುದು.

4. ಬೇರೆಯವರ ಹೊಲ, ಮನೆ, ಸಾಲ, ಕಾಯಿಲೆಯ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹಾಕಬಾರದು. ಮಹಿಳಾ ಸದಸ್ಯರ ಫೋನ್ ಸಂಖ್ಯೆಯನ್ನು ಹೊರಗಿನವರಿಗೆ ಕೊಡಬಾರದು.

5. ಅಪರಿಚಿತರನ್ನು ಸೇರಿಸುವ ಮೊದಲು ಊರು, ಬೆಳೆ ಕೇಳಬೇಕು. ವ್ಯಾಪಾರಿಗಳು ತಾವು ವ್ಯಾಪಾರಿಗಳೆಂದು ಹೇಳಿಕೊಂಡೇ ಇರಬೇಕು.

6. ಹಣ ಹೋದದ್ದು ತಿಳಿದ ಕೂಡಲೇ ನಾಚಿಕೆ ಬಿಟ್ಟು 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈಗೆ ಬರುವುದು ಕಷ್ಟ.

ಇವುಗಳಲ್ಲಿ ಯಾವುದಕ್ಕೂ ಖರ್ಚಿಲ್ಲ. ಇವು ಪಾಲನೆಯಾದ ಗುಂಪಿನಲ್ಲಿ ಸಂಕೋಚದ ರೈತನೂ, ಹೊಸದಾಗಿ ಬೇಸಾಯಕ್ಕೆ ಇಳಿದ ಹೆಣ್ಣುಮಗಳೂ ಧೈರ್ಯವಾಗಿ ಪ್ರಶ್ನೆ ಕೇಳುತ್ತಾರೆ. ತನ್ನ ಮಾತು ಎಲ್ಲಿಗೆ ಹೋಗುವುದೋ ಎಂಬ ಅಂಜಿಕೆ ಇರುವ ಕಡೆ ಅನುಭವಸ್ಥರು ಬಾಯಿ ಬಿಡುವುದಿಲ್ಲ, ತಿಳಿಯದವರು ಕೇಳುವುದಿಲ್ಲ. ಉಳಿಯುವುದು ಶುಭೋದಯದ ಚಿತ್ರಗಳು ಮತ್ತು ಔಷಧಿಯ ಜಾಹೀರಾತು ಮಾತ್ರ. ಮುಂಗಾರಿನ ಕೆಲಸಗಳು ಆರಂಭವಾಗುವ ಮೊದಲೇ ತಮ್ಮ ತಮ್ಮ ಗುಂಪಿನಲ್ಲಿ ಈ ಕಟ್ಟುಪಾಡನ್ನು ಓದಿ, ಚರ್ಚಿಸಿ, ತಮ್ಮ ಬೆಳೆಗೆ ಹೊಂದುವಂತೆ ತಿದ್ದಿ ಜಾರಿಗೆ ತರಬೇಕೆಂದು ರೈತ ಬಾಂಧವರಲ್ಲಿ ನಮ್ಮ ವಿನಂತಿ.